ಯಾರೂ ಕಾಲಿಡದ ಬಾವಿ

ನೀರು ಕಂಡರೆ ನನ್ನ ಕಾಲು ತಾನೇ ಹಿಂದೆ ಸರಿಯುತ್ತದೆ. ಕಾಗಿಣೆಯ ದಂಡೆಗೆ ಹೋದಾಗ ತಮ್ಮನ ಮೊಮ್ಮಕ್ಕಳೆಲ್ಲ ಮೊಣಕಾಲುಮಟ ನೀರಿನಲ್ಲಿ ನಿಂತು ಕುಣಿಯುತ್ತಿರುತ್ತಾರೆ, ನಾನು ಚಪ್ಪಲಿ ಹಾಕಿಕೊಂಡೇ ದೂರದಲ್ಲಿ ನಿಂತಿರುತ್ತೇನೆ. "ಅಜ್ಜಗ ನೀರಿನ ಅಂಜಿಕಿ" ಎಂದು ನಗುತ್ತಾರೆ ಹುಡುಗರು. ನಗಲಿ ಬಿಡಿ. ನನ್ನ ಅಂಜಿಕೆ ನೀರಿನದಲ್ಲ. ನೀರಿನ ಹತ್ತಿರ ಹೋದಾಗಲೆಲ್ಲ ಬೆನ್ನ ಹಿಂದಿನಿಂದ ಒಬ್ಬಳು ಕೂಗುತ್ತಾಳೆ: "ಮ್ಯಾಲೇ ನಿಂದರ್ರಿ! ನಾ ಹಾಕ್ತೀನಿ!" ಅವಳು ನನ್ನ ಹೆಂಡತಿ. ನಿಜಾಮರ ಕಾಲದಲ್ಲೇ, ನಮ್ಮ ಊರಿನ ಬಾವಿಯ ಕಾರಣಕ್ಕೆ ತೀರಿಕೊಂಡವಳು.

ನಮ್ಮ ಊರು ಚಿತ್ತಾಪುರದಿಂದ ಸೇಡಮ್ಮಿಗೆ ಹೋಗುವ ಬಂಡಿದಾರಿಯ ಮೇಲಿದೆ. ಅಪ್ಪ ಊರ ಹನುಮಪ್ಪನ ಪೂಜಾರಿ. ನಮ್ಮದು ವೈಷ್ಣವರ ಮನೆ. ಮಡಿ, ಮೈಲಿಗೆ, ಏಕಾದಶಿ ಎಲ್ಲ ಬಿಗಿ. ನಾನು ಸರ್ಕಾರಿ ಶಾಲೆಯಲ್ಲಿ ಉರ್ದು ಕಲಿಸುವ ಮಾಸ್ತರ. ಬೆಳಿಗ್ಗೆ ಅಪ್ಪನ ಬಾಯಲ್ಲಿ ಮಂತ್ರ ಕೇಳಿ ಎದ್ದು, ಹಗಲೆಲ್ಲ ಹುಡುಗರ ಬಾಯಲ್ಲಿ ಅಲಿಫ್ ಬೇ ಹೇಳಿಸುತ್ತಿದ್ದೆ. ಹೆಂಡತಿ ಚಿಂಚೋಳಿ ಸೀಮೆಯ ಕೊಡ್ಲಿಯ ಕಡೆಯವಳು. ಬಾಯಿ ಜೋರು, ಕೈ ಧಾರಾಳ. ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗಿನಲ್ಲಿ ಬೈಯುತ್ತಿದ್ದಳು. ನನಗೆ ಅರ್ಥವಾಗುವುದಿಲ್ಲ ಎಂದು ಅವಳ ಲೆಕ್ಕ. ಎಲ್ಲ ಅರ್ಥವಾಗುತ್ತಿತ್ತು.

ಊರಿಗೆಲ್ಲ ಇದ್ದದ್ದು ಒಂದೇ ಪಾವಟಿಗೆಯ ಬಾವಿ. ಕಲ್ಲಿನ ಮೆಟ್ಟಿಲಿಳಿದು ನೀರಿನ ತನಕ ಹೋಗಬೇಕು. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಎಲ್ಲರೂ ಅದರಲ್ಲೇ ನಿಂತು ಕೊಡ ತುಂಬಬೇಕು. ಕಾಲು ತೊಳೆಯುವವರು ಅಲ್ಲೇ, ಬಟ್ಟೆ ಜಾಲಿಸುವವರು ಅಲ್ಲೇ. ಪ್ರತಿ ಬೇಸಿಗೆಗೆ ಊರಿಗೆ ನಾರುಹುಣ್ಣು ಬರುತ್ತಿತ್ತು. ಈಗಿನವರಿಗೆ ಅದು ಗೊತ್ತಿಲ್ಲ, ಪುಣ್ಯವಂತರು. ಕಾಲಿನಲ್ಲಿ ಒಂದು ಗುಳ್ಳೆ ಏಳುತ್ತದೆ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಗುಳ್ಳೆ ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳದ ತುದಿ ಹೊರಗೆ ಬರುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆದು ತೆಗೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಒಳಗೇ ಕೊಳೆತು ಕಾಲು ಹೋಗುತ್ತದೆ, ಒಮ್ಮೊಮ್ಮೆ ಜೀವವೂ ಹೋಗುತ್ತದೆ. ಉರಿ ತಾಳಲಾರದೆ ಜನ ಓಡುತ್ತಿದ್ದದ್ದು ಎಲ್ಲಿಗೆ? ಅದೇ ಬಾವಿಗೆ, ತಣ್ಣಗಿನ ನೀರಿನಲ್ಲಿ ಕಾಲಿಡಲು.

ಮದುವೆಯಾಗಿ ಬಂದ ಮೇಲೆ ಒಂದು ಬೇಸಿಗೆ ನನ್ನ ಹೆಂಡತಿಯ ಎಡಗಾಲಿಗೂ ನಾರು ಬಂತು. ಹುಳ ಹರಿಯಿತು. ಜೀವ ಉಳಿಯಿತು, ಆದರೆ ಮೊಣಕಾಲು ಬಿಗಿದುಕೊಂಡು ಅವಳು ಕುಂಟತೊಡಗಿದಳು. ಅದೇ ಬೇಸಿಗೆ ಅಪ್ಪನೂ ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದರು. ಕೇಳಿದರೆ "ಮುಳ್ಳು ನೆಟ್ಟದ" ಎಂದರು. ದೇವರ ಮೈ ಮುಟ್ಟುವವರಿಗೆ ಹುಳದ ಹುಣ್ಣು ಎಂದರೆ ಪೂಜೆ ಬಿಡಬೇಕಾಗುತ್ತದೆ. ಮುಳ್ಳಿಗಾದರೆ ಮೈಲಿಗೆ ಇಲ್ಲ.

ಹೆಂಡತಿಯನ್ನು ಚಿತ್ತಾಪುರದ ದವಾಖಾನೆಗೆ ಬಂಡಿಯಲ್ಲಿ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರ ಸಾಹೇಬರು ನನ್ನನ್ನು ಚೆನ್ನಾಗಿ ಬೈದರು.

"ಮಾಸ್ತರ ಇದ್ದೀರಿ, ಇಷ್ಟೂ ಗೊತ್ತಿಲ್ಲೇನ್ರಿ? ಹುಳ ನಿಮ್ಮ ಭಾಂವಿಯಾಗದ. ಹುಣ್ಣಿನ ಕಾಲು ನೀರಿಗಿಟ್ರ ಹುಳ ಅಲ್ಲಿ ಮರಿ ಬಿಡ್ತದ. ಆ ನೀರು ಕುಡದವರಿಗೆ ಮುಂದಿನ ಬ್ಯಾಸಗಿಗೆ ಹೊರಗ ಬರ್ತದ. ಒಂದ ವರ್ಷ ಯಾರ ಕಾಲೂ ನೀರಿಗೆ ತಾಕಬಾರದು. ಕುಡಿಯೋ ನೀರು ಬಟ್ಟಿ ಮಡಚಿ ಸೋಸ್ರಿ. ಹಂಗ ಮಾಡಿದ್ರ ಊರಿಗೆ ಊರೇ ಪಾರಾಗ್ತದ. ಒಂದ ಕಾಲು ಇಳೀತೋ, ಎಲ್ಲಾ ಮತ್ತ ಮೊದಲಿನಿಂದ."

ತಿರುಗಿ ಬರುವಾಗ ಬಂಡಿಯಲ್ಲಿ ಹೆಂಡತಿ ಕಾಲು ಒತ್ತಿಕೊಳ್ಳುತ್ತ ಕೂತಿದ್ದಳು. ಊರು ಹತ್ತಿರ ಬಂದಾಗ ಹೇಳಿದಳು: "ಒಂದ ವರ್ಷ ಅಲ್ಲೇನ್ರಿ? ಕಾಯೋಣು."

ಊರಬಾಗಿಲಲ್ಲಿ, ಗುಡಿಯ ಪಕ್ಕದ ಅಗಸಿಯ ಕಟ್ಟೆಯ ಮೇಲೆ ಜನರನ್ನು ಸೇರಿಸಿದೆ. ಬಾವಿಯ ಮೇಲಿನ ಮೆಟ್ಟಿಲಲ್ಲಿ ಒಬ್ಬರು ಕೂತು, ಹಗ್ಗ ಹಾಕಿ ನೀರು ಸೇದಿ, ಬಟ್ಟೆ ಕಟ್ಟಿದ ಕೊಡಕ್ಕೆ ಸುರಿದು ಎಲ್ಲರಿಗೂ ಕೊಡಬೇಕು, ಮನೆಗೆ ಒಂದು ದಿನದಂತೆ ಸರತಿ ಎಂದೆ. ಜನ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಿ ಹೋಗುವ ರೂಢಿ ಉಂಟು. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನನ್ನ ಹೊಲಕ್ಕೆ. ಇನ್ನೊಂದು ಬೇಗಾರಿ. ಸರ್ಕಾರದವರು ಬಂದು ಎಬ್ಬಿಸಿ ಕರೆದುಕೊಂಡು ಹೋಗಿ ಬಿಟ್ಟಿ ದುಡಿಸುವುದು. ಇವೆರಡೂ ಅಲ್ಲದ ಮೂರನೆಯ ಕೆಲಸವೊಂದಿದೆ ಎಂದರೆ ಯಾರ ತಲೆಗೆ ಹೋಗಬೇಕು?

"ಇದು ಯಾರ ಬೇಗಾರಿ ಮಾಸ್ತರ? ತಹಶೀಲದಾರಂದೋ, ನಿಮ್ದೋ?" ಎಂದು ಒಬ್ಬ ರೈತ ಕೇಳಿದ. ಎಲ್ಲರೂ ನಕ್ಕರು.

ಗಂಡಸರ ಸಭೆಯಲ್ಲಿ ಬಾಯಿ ಹಾಕಬಾರದ ನನ್ನ ಹೆಂಡತಿ ಗುಡಿಯ ಮೂಲೆಯಿಂದ ಕುಂಟುತ್ತ ಮುಂದೆ ಬಂದಳು. "ಬೇಗಾರಿ ಅಂದ್ರ ಮತ್ತೊಬ್ಬರ ಕೆಲಸ ಅಪ್ಪಾ. ಇದು ನಿನ್ನ ಮಗ ಕುಡಿಯೋ ನೀರು. ನನ್ನ ಕಾಲು ನೋಡು, ಆಮ್ಯಾಲ ನಗು." ಸೀರೆಯ ನಿರಿಗೆ ತುಸು ಎತ್ತಿ ಆ ಒಣಗಿದ ಕಾಲು ತೋರಿಸಿದಳು. ಅಪ್ಪ ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿಕೊಂಡರು. ನಗು ನಿಂತಿತು. ಅವಳ ಹಿಂದಿನಿಂದ ಲಿಂಗಾಯತರ ಓಣಿಯ ಗೌಡಸಾನಿ, ಗೌಡರ ಹೆಂಡತಿ, ಮೊದಲ ಸರತಿ ತನ್ನದು ಎಂದಳು.

ಆ ರಾತ್ರಿ ಊಟಕ್ಕೆ ಬಡಿಸುವಾಗ ಹೆಂಡತಿ ಮೆಲ್ಲಗೆ ಅಪ್ಪನಿಗೆ ಕೇಳಿದಳು. "ಮಾವನೋರೇ, ನಸುಕಿನ್ಯಾಗ ನೀವು ಭಾಂವಿಗೆ ಇಳೀತೀರಿ..."

ಮಾತು ಮುಗಿಯಲಿಲ್ಲ. ಹನುಮಪ್ಪನ ಅಭಿಷೇಕದ ನೀರನ್ನು ಪೂಜಾರಿ ಬಾವಿಯಲ್ಲಿ ಮುಳುಗಿ ಎದ್ದು, ನೀರಿನಲ್ಲಿ ನಿಂತೇ, ಒದ್ದೆ ಪಂಚೆಯಲ್ಲೇ ತುಂಬಿ ತರಬೇಕು. ನಮ್ಮ ಮನೆತನದಲ್ಲಿ ಎಷ್ಟು ತಲೆಮಾರುಗಳಿಂದ ನಡೆದು ಬಂದದ್ದೋ. ಅಪ್ಪ ಎಲೆಯಿಂದ ಕೈ ಎತ್ತಿ ಹೇಳಿದರು: "ದೇವರ ನೀರಿಗೆ ಇಳಿಯೋದು ಇಳಿಯೋದಲ್ಲವ್ವ. ಮಡಿಗೆ ಎಲ್ಲಿ ಹುಳ?"

ಅವಳು ತಲೆ ಬಾಗಿಸಿದಳು. ಅವಳಿಗೂ ಅದು ನಿಜವೆಂದೇ ಅನ್ನಿಸಿತು, ನನಗೂ, ಊರಿಗೂ. ನೀರಿಗೆ ಕಾಲಿಡಬಾರದು ಎಂದು ಡಂಗುರ ಸಾರಿದ ನಾವೇ, ದಿನಾ ನಸುಕಿನಲ್ಲಿ ಅಪ್ಪ ಒದ್ದೆ ಬಟ್ಟೆಯಲ್ಲಿ ಬಿಂದಿಗೆ ಹೊತ್ತು ಬರುವಾಗ ಬದಿಗೆ ಸರಿದು ಕೈ ಮುಗಿಯುತ್ತಿದ್ದೆವು. ಆ ನೀರನ್ನು ಸೋಸುವ ಮಾತಂತೂ ಯಾರ ಕನಸಿಗೂ ಬರಲಿಲ್ಲ. ತೀರ್ಥವನ್ನು ಉಟ್ಟ ಬಟ್ಟೆಯ ತುಂಡಿನಲ್ಲಿ ಸೋಸುವುದೇ? ಹರಿ ಹರೀ!

ಮೊದಲ ತಿಂಗಳು ಸರತಿ ಚೆನ್ನಾಗಿ ನಡೆಯಿತು. ಆಮೇಲೆ ಒಬ್ಬರಿಗೆ ಬಿತ್ತನೆ, ಒಬ್ಬರಿಗೆ ನೆಂಟರು, ಒಬ್ಬರಿಗೆ ಸುಮ್ಮನೆ ಬೇಜಾರು. ಒಬ್ಬೊಬ್ಬರೇ ಕೈ ತೊಳೆದುಕೊಂಡರು. ಬಿಟ್ಟವರ ಸರತಿಯನ್ನೆಲ್ಲ ನನ್ನ ಹೆಂಡತಿಯೇ ಹೊತ್ತಳು. ಬೆಳಿಗ್ಗೆ ಗುಡಿಗೆ ಹೋಗಿ ಮಾವನ ಕೈಯಿಂದ ತೀರ್ಥ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ನೇರ ಬಾವಿಗೆ. ಹಳೆಯ ಹಸಿರು ಸೀರೆಯ ಒಂದು ತುಂಡನ್ನು ಮಡಚಿ ಕೊಡದ ಬಾಯಿಗೆ ಹಿಡಿದು ನೀರು ಹಾಕುತ್ತಿದ್ದಳು. ಯಾರಾದರೂ ಕೆಳಗೆ ಇಳಿಯಲು ಹೋದರೆ ಸಾಕು, ಅಗಸಿಯ ತನಕ ಕೇಳುವಂತೆ ಕೂಗು: "ಮ್ಯಾಲೇ ನಿಂದರ್ರಿ! ನಾ ಹಾಕ್ತೀನಿ!" ನನ್ನ ಶಾಲೆಯೊಳಗೂ ಅದು ಕೇಳುತ್ತಿತ್ತು. ಹುಡುಗರು ಮುಸಿ ಮುಸಿ ನಗುತ್ತಿದ್ದರು. ನಾನು ಗಂಭೀರವಾಗಿ ಹಲಗೆ ಒರೆಸುತ್ತಿದ್ದೆ.

ಊರಾಚೆಯ ಕೇರಿಯವರು ಮೊದಲೆಲ್ಲ ಬಾವಿಯ ಮೇಲೆ ಬಿಸಿಲಲ್ಲಿ ಕೂತು, ಯಾರಾದರೂ ಕನಿಕರ ತೋರಿ ನೀರು ಹಾಕುವ ತನಕ ಕಾಯಬೇಕಿತ್ತು. ಈಗ ಮೇಲೆ ಕೂಡುವುದು ಎಲ್ಲರಿಗೂ ಬಂತು. ಗೌಡಸಾನಿಯೂ ಅಲ್ಲೇ, ಅವರೂ ಅಲ್ಲೇ. ಬಂದ ಕ್ರಮದಲ್ಲೇ ನೀರು. ಅಗ್ರಹಾರದ ನಮ್ಮವರು ಮೂಗು ಮುರಿದರು. "ಪೂಜಾರಿ ಸೊಸಿ ನೀರಿನ ಆಳಾಗ್ಯಾಳ" ಎಂದರು. ಅವಳು ಸಂಜೆ ಮನೆಗೆ ಬಂದು, ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡು, "ಹೌದು, ಆಳಾಗೀನಿ. ಏನೀಗ?" ಎಂದು ಗೋಡೆಗೆ ಹೇಳುವಳು. ಚೆಲ್ಲಿದ ನೀರಿಗೆ ಕಾಲುವೆ ತೋಡಿ ಬಾವಿಯ ಸುತ್ತ ಬೇವಿನ ಸಸಿಗಳನ್ನೂ ಬೆಳೆಸಿದಳು. ದನ ಇಳಿಯುವುದು ನಿಂತು, ಬಟ್ಟೆ ಒಗೆಯುವುದು ನಿಂತು, ದೀಪಾವಳಿಯ ಹೊತ್ತಿಗೆ ಬಾವಿಯ ನೀರು ತಿಳಿಯಾಯಿತು. ತಳದ ಮೆಟ್ಟಿಲುಗಳು ಕಾಣತೊಡಗಿದವು. ಅಷ್ಟು ಒಳ್ಳೆಯ ನೀರು ನಮ್ಮ ಊರಲ್ಲಿತ್ತು ಎಂದು ನಮಗೇ ಗೊತ್ತಿರಲಿಲ್ಲ.

ಮತ್ತೆ ಬೇಸಿಗೆ ಬಂತು. ವರ್ಷದ ಪರೀಕ್ಷೆ. ಯುಗಾದಿ ಕಳೆದ ಮೇಲೆ ಅವಳು ಸಂಜೆ ಸಂಜೆ ಓಣಿ ಓಣಿ ಸುತ್ತಿ ಜನರ ಕಾಲು ನೋಡತೊಡಗಿದಳು. ಲಿಂಗಾಯತರ ಓಣಿಯಲ್ಲಿ ಒಂದು ಗುಳ್ಳೆ ಇಲ್ಲ. ಮುಸಲ್ಮಾನರ ಮೊಹಲ್ಲಾದಲ್ಲಿ ಇಲ್ಲ. ಊರಾಚೆಯ ಕೇರಿಯಲ್ಲಂತೂ ಒಬ್ಬ ಮುದುಕ ಅವಳಿಗೆ ತನ್ನ ಎರಡೂ ಪಾದ ಎತ್ತಿ ತೋರಿಸಿ, "ನೋಡವ್ವ, ಕೂಸಿನ ಕಾಲು" ಎಂದನಂತೆ. ಅವಳು ಮನೆಗೆ ಬಂದು ಅದನ್ನು ಹೇಳುತ್ತ ಹೇಳುತ್ತ ಅತ್ತಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು. ಕಾಲು ಹೋದಾಗಲೂ ಅತ್ತಿರಲಿಲ್ಲ.

ವಾರ ಕಳೆಯುವುದರೊಳಗೆ ಅವಳ ಬಲಗಾಲಿನಲ್ಲಿ, ಮೊಣಕಾಲ ಕೆಳಗೆ, ಗುಳ್ಳೆ ಎದ್ದಿತು.

ಅವಳಿಗೆ ನೋವಿಗಿಂತ ಅವಮಾನವೇ ದೊಡ್ಡದಾಯಿತು. "ಯಾರೋ ಇಳದಾರ್ರಿ. ನಾ ಕುಂತಾಗ ಇಳದಿಲ್ಲ. ಯಾವಾಗ ಇಳದ್ರು?" ಎಂದು ಹಗಲೂ ರಾತ್ರಿ ಅದೇ ಮಾತು. ಮಾವನ ಹೆಸರು ಅವಳ ನಾಲಿಗೆಗೆ ಬರಲೇ ಇಲ್ಲ. ಹುಳದ ತುದಿ ಹೊರಗೆ ಬಂದಾಗ ಕಸಬರಿಗೆಯ ಕಡ್ಡಿಗೆ ಸುತ್ತಿ, ಮೇಲೆ ಬಟ್ಟೆ ಕಟ್ಟಿ, ಮತ್ತೆ ಬಾವಿಗೆ ಹೋಗಿ ಕೂತಳು. ಬೇಡ ಎಂದೆ. ಕಾಲು ಮುಂದೆ ಚಾಚಿಕೊಂಡು ಸುಮ್ಮನೆ ಕೂಡುವೆ ಎಂದಳು.

ಒಂದು ಮಧ್ಯಾಹ್ನ ಶಹಾಬಾದಿನಿಂದ ನೆಲಕ್ಕೆ ಹಾಸುವ ಫರಸಿಕಲ್ಲು ಹೇರಿಕೊಂಡು ಸೇಡಮ್ಮಿಗೆ ಹೊರಟ ಒಬ್ಬ ಬಂಡಿಯವನು ಬಾವಿ ಕಂಡು ನಿಂತ. ಅವನಿಗೇನು ಗೊತ್ತು? ಎತ್ತುಗಳು ನೊರೆ ಕಾರುತ್ತಿದ್ದವು. ತೊಗಲಿನ ಚೀಲ ಹಿಡಿದು, ಅವಳು ಕೂತ ಕಡೆ ನೋಡದೆ ಮೆಟ್ಟಿಲ ಆಚೆ ಬದಿಯಿಂದ ದಡದಡ ಇಳಿದುಬಿಟ್ಟ. ಅವನ ಕಾಲು ಕೊನೆಯ ಒಣ ಮೆಟ್ಟಿಲ ಮೇಲಿತ್ತು. ಇವಳು ಕಾಲಿನ ಪರಿವೆಯೇ ಇಲ್ಲದೆ ಎದ್ದು ಓಡಿದಳು. "ಮ್ಯಾಲೇ ನಿಂದರ್ರಿ!" ಶಾಲೆಯಲ್ಲಿ ಆ ಕೂಗು ಕೇಳಿದೆ. ಆ ದಿನ ಅದು ಅರ್ಧಕ್ಕೇ ನಿಂತಿತು. ನಾನು ಹಲಗೆ ಒರೆಸುವ ಬಟ್ಟೆ ಬಿಸಾಕಿ ಓಡಿದೆ.

ಅವಳ ಕಾಲಿನ ಕಡ್ಡಿ ಕಲ್ಲಿಗೆ ಸಿಕ್ಕಿ ಹುಳ ಹರಿದಿತ್ತು. ಬಂಡಿಯವನು ಮೆಟ್ಟಿಲ ಮೇಲೆ ನಡುಗುತ್ತ ನಿಂತಿದ್ದ. "ನಾ ಕಾಲ ಇಟ್ಟಿಲ್ರೀ, ಅವ್ವನ ಆಣಿ, ಇಟ್ಟಿಲ್ಲ" ಎಂದು ಹೇಳುತ್ತಲೇ ಇದ್ದ. ಅವಳು ಹಲ್ಲು ಕಚ್ಚಿ ಅವನ ಪಾದಗಳನ್ನು ನೋಡಿದಳು. ಒಣಗಿದ್ದವು. "ಛಲೋ ಆತು" ಎಂದಳು.

ಕಾಲು ಬಾತು ಕಪ್ಪಗಾಯಿತು. ಜ್ವರ ಏರಿತು. ಆಮೇಲೆ ದವಡೆ ಬಿಗಿಯಿತು, ಮೈ ಬಿಲ್ಲಿನ ಹಾಗೆ ಬಾಗತೊಡಗಿತು. ಧನುರ್ವಾಯು. ಮುಂದೆ ಹೋಗಲು ಮನಸ್ಸಾಗದೆ ಊರಲ್ಲೇ ಉಳಿದಿದ್ದ ಅದೇ ಬಂಡಿಯವನು ದಾರಿಯಲ್ಲೇ ಕಲ್ಲು ಇಳಿಸಿ, ಅವಳನ್ನು ಮಲಗಿಸಿಕೊಂಡು ಚಿತ್ತಾಪುರಕ್ಕೆ ಬಂಡಿ ಹೊಡೆದ. ದಾರಿಯಲ್ಲಿ, ಬಿಗಿದ ಹಲ್ಲುಗಳ ನಡುವಿನಿಂದ ಅವಳು ಏನೋ ಕೇಳಿದಳು. ಕಿವಿ ಹತ್ತಿರ ಒಯ್ದೆ. "ಇವತ್ತ ಭಾಂವಿಗೆ ಯಾರ ಕುಂತಾರ?"

ಯಾರೋ ಕೂತಿದ್ದಾರೆ ಎಂದೆ. ಯಾರು ಎಂದು ಕೇಳುವಷ್ಟು ಅವಳು ಉಳಿಯಲಿಲ್ಲ.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಬಾವಿಯ ಮೇಲೆ ಗೌಡಸಾನಿ ಕೂತಿದ್ದಳು. ಅವತ್ತಿನಿಂದ ಬಿಟ್ಟ ಸರತಿಗಳೆಲ್ಲ ತಾವಾಗಿಯೇ ತಿರುಗಿ ಬಂದವು, ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಬೇಗಾರಿ ಎಂದು ನಕ್ಕವನೂ ಬಂದ.

ದಿನಕರ್ಮಗಳು ಮುಗಿದ ಮೇಲೆ ನಾನು ಗುಡಿಗೆ ಹೋದೆ. ಅಪ್ಪ ತೀರ್ಥ ಕೊಡುತ್ತಿದ್ದರು. ನಾನು ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ, ಹಾಗಾಗಿ ಜನರ ಮುಖ ಕಾಣಲಿಲ್ಲ, ಕಾಲುಗಳು ಕಂಡವು. ನನ್ನ ಮುಂದಿನ ಮುದುಕಿಯ ಕಾಲಿಗೆ ಬಟ್ಟೆ. ಅವಳ ಮುಂದಿನವನ ಕಾಲಿಗೆ ಬಟ್ಟೆ. ಆ ಮುಂದೆ ಇನ್ನೊಂದು. ತೀರ್ಥ ಮುಟ್ಟದ ಓಣಿಗಳ ಕಾಲುಗಳೆಲ್ಲ ಕೂಸಿನ ಕಾಲುಗಳಾಗಿದ್ದವು. ದಿನಾ ಭಕ್ತಿಯಿಂದ ಕೈ ಒಡ್ಡಿದವರ ಕಾಲುಗಳು ಮಾತ್ರ ಇಲ್ಲಿ ಸಾಲಾಗಿ ನಿಂತಿದ್ದವು. ಅವಳೂ ಈ ಸಾಲಿನಲ್ಲೇ ನಿಂತು ಹೋದವಳು.

ತಲೆ ಎತ್ತಿದೆ. ಅಪ್ಪನೂ ಉದ್ಧರಣೆ ಹಿಡಿದು ಆ ಕಾಲುಗಳನ್ನೇ ನೋಡುತ್ತಿದ್ದರು. ಆ ಚಮಚದ ನೀರು ನೆಲಕ್ಕೆ ಚೆಲ್ಲುತ್ತಿತ್ತು.

ಎಲ್ಲರೂ ಹೋದ ಮೇಲೆ ಕೇಳಿದೆ: "ಹೋದ ಬ್ಯಾಸಗಿಗೆ ನಿಮ್ಮ ಹಿಮ್ಮಡಿಗೆ ಆಗಿದ್ದು ಮುಳ್ಳೇನ್ರಿ?"

ಅಪ್ಪ ತಮ್ಮ ಹಿಮ್ಮಡಿ ನೋಡಿಕೊಂಡರು. ಗರ್ಭಗುಡಿಯ ಹೊಸ್ತಿಲ ಮೇಲೆ ಕೂತರು. ನನಗೆ ಕನಿಕರ ಬರಲಿಲ್ಲ, ನಿಜ ಹೇಳುತ್ತೇನೆ. ಆ ಮುದುಕನ ರಟ್ಟೆ ಹಿಡಿದು ಬಾವಿಗೆ ಎಳೆದುಕೊಂಡು ಹೋಗಿ, ಅವಳು ಕೂತ ಕಲ್ಲು ತೋರಿಸಬೇಕು ಅನ್ನಿಸಿತು. ಅಂದಿನಿಂದ ಅವರೊಡನೆ ಮಾತು ಬಿಟ್ಟೆ.

ಮರುದಿನದಿಂದ ಗುಡಿಯಲ್ಲಿ ತೀರ್ಥ ನಿಂತಿತು. ಅಭಿಷೇಕವೂ ನಿಂತಿತು. ಅಪ್ಪ ನಸುಕಿನಲ್ಲಿ ಎದ್ದು ಬಿಂದಿಗೆ ಹಿಡಿದು ಬಾವಿಗೆ ಹೋಗುತ್ತಿದ್ದರು, ಬೆಳಕು ಹರಿದ ಮೇಲೆ ಖಾಲಿ ಬಿಂದಿಗೆ ಹಿಡಿದು ಬರುತ್ತಿದ್ದರು. ಹನುಮಪ್ಪ ಮಿಂದಿಲ್ಲ ಎಂದು ಅಗ್ರಹಾರದವರು ಗಾಬರಿಯಾಗಿ ಕೇಳಿದರೆ ಅಪ್ಪ ಒಂದೇ ಮಾತು ಹೇಳಿದರು: "ಆಕಿ ಬಿಡವಲ್ಲಳು."

ಜನ ಅದನ್ನು ಭ್ರಮೆ ಎಂದರು. ನಾನು ಅನ್ನಲಿಲ್ಲ. ಒಂದು ನಸುಕಿನಲ್ಲಿ ಅವರ ಹಿಂದೆ ಹೋಗಿ ಬೇವಿನ ಸಸಿಗಳ ಮರೆಯಲ್ಲಿ ಬಗ್ಗಿ ನಿಂತಿದ್ದೆ. ಅಪ್ಪ ಮೆಟ್ಟಿಲ ಮೇಲೆ ನಿಂತು ಒಂದು ಕಾಲು ಮುಂದೆ ಚಾಚಿದರು. ಗಾಳಿ ಇರಲಿಲ್ಲ, ಹಕ್ಕಿ ಕೂಗಿರಲಿಲ್ಲ. ಬಾವಿಯೊಳಗಿನಿಂದಲೋ ನನ್ನ ಬೆನ್ನ ಹಿಂದಿನಿಂದಲೋ, ಆ ಕೂಗು ಬಂತು. ಅಪ್ಪ ಚಾಚಿದ ಕಾಲನ್ನು ಹಿಂದೆ ಎಳೆದುಕೊಂಡರು. ಅದೇ ಹೊತ್ತಿಗೆ, ಅದೇ ರೀತಿ, ನಾನೂ ಎಳೆದುಕೊಂಡೆ. ನೀರು ಕಂಡರೆ ಹಿಂದೆ ಸರಿಯುವ ನನ್ನ ಕಾಲಿನ ರೋಗ ಅವತ್ತಿನದು.

ಮಳೆಗಾಲ ಕಳೆದ ಮೇಲೆ ಆ ಶಹಾಬಾದಿನ ಬಂಡಿಯವನು ತಿರುಗಿ ಬಂದ. ಬಂಡಿಯ ತುಂಬ ಫರಸಿಕಲ್ಲು. ಯಾರೂ ಅವನನ್ನು ಕರೆಸಿರಲಿಲ್ಲ. "ಪಾವಟಿಗಿ ಮುಚ್ಚಿಬಿಡ್ರಿ, ಮಾಸ್ತರ. ಇನ್ನ ಯಾರೂ ನನ್ನಂಗ ಇಳೀಬಾರದು" ಎಂದ. ಊರು ಕೈ ಹಾಕಿತು. ಎಲ್ಲ ಓಣಿಯವರು, ಕೇರಿಯವರು, ಮೊಹಲ್ಲಾದವರು ಗಾರೆ ಕಲಸಿ, ಮೆಟ್ಟಿಲ ಬಾಯಿಗೆ ಅಡ್ಡಗೋಡೆ ಎತ್ತಿ, ಸುತ್ತ ಕಟ್ಟೆ ಕಟ್ಟಿ, ಮೇಲೆ ಹಗ್ಗ ಎಳೆಯುವ ಗಡಗಡಿ ನಿಲ್ಲಿಸಿದರು. ಕಟ್ಟೆ ಮುಗಿದ ಬೆಳಿಗ್ಗೆ ಎಲ್ಲರೂ ಸುತ್ತ ನಿಂತಿದ್ದರು. ಮೊದಲ ನೀರು ಯಾರು ಸೇದಬೇಕು ಎಂಬ ಮಾತು ನಡೆದಿತ್ತು.

ಅಪ್ಪ ಬಂದರು. ಮಡಿಪಂಚೆ ಉಟ್ಟು, ಅಭಿಷೇಕದ ತಾಮ್ರದ ಬಿಂದಿಗೆ ಹಿಡಿದಿದ್ದರು. ಜನ ಬದಿಗೆ ಸರಿದು ದಾರಿ ಬಿಟ್ಟರು. ಜನ್ಮದಲ್ಲಿ ಹಗ್ಗ ಹಿಡಿಯದ ಮುದುಕ, ಕೈ ಜಾರಿ ಜಾರಿ ಕೊಡ ಮೇಲೆ ತಂದರು. ಆಮೇಲೆ ಸೊಂಟದಿಂದ ಒಂದು ಬಟ್ಟೆ ತೆಗೆದು ಮಡಚಿ ಬಿಂದಿಗೆಯ ಬಾಯಿಗೆ ಹಾಸಿದರು. ಹಸಿರು ಬಟ್ಟೆ. ಅವಳದು. ಅವಳು ಹೋದ ಮೇಲೆ ನಾನು ಮನೆಯೆಲ್ಲ ಹುಡುಕಿ ಸಿಗದೆ ಬಿಟ್ಟದ್ದು ಅದೇ ತುಂಡು.

ಅಗ್ರಹಾರದ ಒಬ್ಬ ಮುದುಕಿ ಚೀರಿದಳು: "ಆಚಾರ್ರೇ! ಸತ್ತವಳ ಸೀರಿ! ದೇವರ ನೀರಿಗೆ!"

ಅಪ್ಪ ತಿರುಗಿ ನೋಡಲಿಲ್ಲ. "ಭಾಂವಿ ಆಕಿದು, ನೀರೂ ಆಕಿದು" ಎಂದರು. "ಮೊದಲ ಆಕಿ ಕೈಯಾಗಿಂದ ಇಳೀಲಿ. ಆಮ್ಯಾಲ ಹನುಮಪ್ಪನ ತಲಿ ಮ್ಯಾಲ ಹಾಕ್ತೀನಿ. ಬ್ಯಾಡಂದ್ರ ಅವನೇ ಬಂದು ಹೇಳ್ಲಿ."

ನೀರು ಬಟ್ಟೆಯ ಮೂಲಕ ಸಣ್ಣಗೆ ಇಳಿಯಿತು. ಅಪ್ಪ ಬಿಂದಿಗೆ ಹೊತ್ತು ಗುಡಿಗೆ ಹೋದರು. ನಾವೆಲ್ಲ ಹಿಂದೆ ಹೋದೆವು. ಎಷ್ಟೋ ತಿಂಗಳ ಮೇಲೆ ಹನುಮಪ್ಪನ ಮೈ ಒದ್ದೆಯಾಯಿತು. ಅಪ್ಪ ತೀರ್ಥದ ಬಟ್ಟಲು ಹಿಡಿದು ಹೊರಗೆ ಬಂದು, ಸಾಲನ್ನೆಲ್ಲ ದಾಟಿ, ಕಂಬಕ್ಕೆ ಒರಗಿ ನಿಂತಿದ್ದ ನನ್ನ ಹತ್ತಿರ ಬಂದರು. ಉದ್ಧರಣೆ ಎತ್ತಿದರು. ಕಣ್ಣು ನನ್ನ ಮುಖಕ್ಕೆ ಬರಲಿಲ್ಲ, ನನ್ನ ಪಾದಗಳ ಮೇಲಿತ್ತು.

ನಾನು ಕೈ ಒಡ್ಡಿದೆ. ಕುಡಿದೆ. ಆ ನೀರಿಗೆ ತುಳಸಿಯ ವಾಸನೆ ಇರಬೇಕಾಗಿತ್ತು. ಅವಳ ಸೀರೆಯ ವಾಸನೆ ಇತ್ತು.